ಮಾತು ಬಾರದವಳ ಬಟ್ಟಲು

ಮಾರುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವನನ್ನು ನಾನು ಎಂದೋ ಯಾರಿಗೋ ಮಾರಿಬಿಟ್ಟಿರುತ್ತೇನೆ. ಮೂರೇ ಕಾಲಿನ ಕುರ್ಚಿಯನ್ನು ನಾಲ್ಕು ಕಾಲಿನದಕ್ಕಿಂತ ಹೆಚ್ಚಿನ ಬೆಲೆಗೆ ಕೊಟ್ಟವನು ನಾನು. ಕೊಂಡವರು ಇವತ್ತಿಗೂ ದಾರಿಯಲ್ಲಿ ಸಿಕ್ಕರೆ ಕೈಯೆತ್ತಿ ಮಾತಾಡಿಸುತ್ತಾರೆ. ಒಂದೇ ಕೈ, ಇನ್ನೊಂದು ಬ್ಯಾಂಡೇಜಿನಲ್ಲಿದೆ.

ಇಂಥ ನಾನು ಆರು ತಿಂಗಳು ಬೆವರು ಸುರಿಸಿದರೂ ಒಂದು ಬಟ್ಟಲು ಮಾರಲಾಗದೆ ಕೂತದ್ದು ನನ್ನ ಸ್ವಂತ ಅಕ್ಕನ ಮಳಿಗೆಯಲ್ಲಿ.

ಅಕ್ಕ ಮಣ್ಣಿನಲ್ಲಿ ಬಟ್ಟಲು, ಹೂಜಿ, ತಟ್ಟೆ ಮಾಡುತ್ತಾಳೆ. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅವಳ ತಿಗರಿ, ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಒಣಗುತ್ತಿರುವ ಸಾಲು, ಮೂಲೆಯಲ್ಲಿ ಕರೆಂಟಿನ ಭಟ್ಟಿ. ಅವಳ ಬಟ್ಟಲನ್ನು ಒಮ್ಮೆ ಕೈಗೆತ್ತಿಕೊಂಡರೆ ಕೆಳಗಿಡಲು ಮನಸ್ಸಾಗುವುದಿಲ್ಲ. ನಾನು ಆಡಿದ ಮಾತುಗಳಲ್ಲಿ ಉತ್ಪ್ರೇಕ್ಷೆ ಇಲ್ಲದ್ದು ಇದೊಂದೇ.

ಶನಿವಾರ ಶನಿವಾರ ಸಭಾಂಗಣದಲ್ಲಿ ಕೈಕೆಲಸದವರ ಸಂತೆ. ಅಲ್ಲಿ ಅಕ್ಕ ಮೇಜಿನ ತುಂಬ ನೂರು ಬಟ್ಟಲು ಒತ್ತೊತ್ತಾಗಿ ಪೇರಿಸಿಡುತ್ತಿದ್ದಳು, ತರಕಾರಿ ಅಂಗಡಿಯವರ ಹಾಗೆ. ನಾನು ತೊಂಬತ್ತೇಳನ್ನು ಮೇಜಿನ ಕೆಳಗೆ ತಳ್ಳಿ ಮೂರನ್ನು ಮಾತ್ರ ಕಿಟಕಿಯ ಬೆಳಕು ಬೀಳುವಲ್ಲಿ ಇಟ್ಟೆ. ಮಣ್ಣು ಮೆತ್ತಿದ ಅವಳ ಕೈಗಳ ಫೋಟೋ ತೆಗೆದು ಹಿಂದೆ ತೂಗುಹಾಕಿದೆ. ಜನ ನಿಲ್ಲತೊಡಗಿದರು. ಕೈಯಲ್ಲಿ ಹಿಡಿದು ನೋಡತೊಡಗಿದರು. ಆಗ ಅಕ್ಕ ಬಾಯಿ ತೆಗೆಯುತ್ತಿದ್ದಳು.

"ಅದು ಬೇಡ ಸಾರ್, ಅಂಚು ಸೊಟ್ಟಗಿದೆ."

"ನನಗೇನೂ ಕಾಣ್ತಿಲ್ಲವಲ್ಲ."

"ಬೆಳಕಿಗೆ ಹಿಡೀರಿ. ಇನ್ನೂ ಸ್ವಲ್ಪ ಮೇಲೆ. ಹಾಂ, ಈಗ ಕಾಣ್ತಾ?"

ಅವರಿಗೆ ಕಂಡಿತು. ಕಂಡ ಮೇಲೆ ಅವರು ನಮಗೆ ಕಾಣಲಿಲ್ಲ.

"ಅಕ್ಕಾ, ನಿನ್ನ ಬಾಯಿ ಒಂದಿದ್ರೆ ಸಾಕು, ಅಂಗಡಿಗೆ ಬೇರೆ ಬೆಂಕಿ ಬೀಳೋದೇ ಬೇಡ."

"ಸೊಟ್ಟಗಿರೋದನ್ನ ಸೊಟ್ಟಗಿದೆ ಅಂದ್ರೆ ತಪ್ಪೇನೋ?"

"ನೀನು ಮಾಡು, ನಾನು ಮಾತಾಡ್ತೀನಿ. ಜನ ಬಂದಾಗ ತುಟಿ ಬಿಚ್ಚೋ ಹಾಗಿಲ್ಲ. ಮಾತು ಕೊಡು."

"ಆಯ್ತು ಕಣೋ ಬಡಾಯಿ. ನನ್ನ ಗಂಟಲಿಗೂ ಒಂದಿಷ್ಟು ರಜಾ."

ಮನೆಯಲ್ಲಿ ನನ್ನ ಹೆಸರೇ ಬಡಾಯಿ. ಅಕ್ಕ ಮಾತು ಕೊಟ್ಟರೆ ಮುಗಿಯಿತು. ಮುಂದಿನ ಶನಿವಾರ ಸಣ್ಣ ತಿಗರಿಯೊಂದನ್ನು ಹೊತ್ತು ತಂದು ಮಳಿಗೆಯ ಹಿಂಬದಿಯಲ್ಲಿ ಹಾಕಿದೆವು. ಜನರಿಗೆ ಬೆನ್ನು ಮಾಡಿ ಅವಳು ಕೆಲಸಕ್ಕೆ ಕೂತಳು. ಅದರ ಮೋಟಾರು ನಲವತ್ತು ವಿಮಾನಗಳಷ್ಟು ಸದ್ದು ಮಾಡುತ್ತಿತ್ತು, ನಾನು ಆಡುವುದು ಅವಳಿಗೆ ಕೇಳುತ್ತಿರಲಿಲ್ಲ.

ಬಿಳಿ ಕನ್ನಡಕದ ಹೆಂಗಸೊಬ್ಬರು ಹೂಜಿಯೊಂದನ್ನು ಎತ್ತಿಕೊಂಡು ಅಕ್ಕನ ಹತ್ತಿರವೇ ಹೋಗಿ ಏನೋ ಕೇಳಿದರು. ಅಕ್ಕ ತಿಗರಿ ನಿಲ್ಲಿಸಿ, ನನ್ನ ಮುಖ ನೋಡಿ, ತುಟಿ ಒತ್ತಿ ಹಿಡಿದು ಮತ್ತೆ ತಿಗರಿ ಹಾಕಿದಳು. ಹೆಂಗಸು ಕೆಂಡವಾದರು. "ಅಬ್ಬಾ, ಏನು ಜಂಭ ಇವಳಿಗೆ!" ಎಂದು ಹೂಜಿಯನ್ನು ಮೇಜಿನ ಮೇಲೆ ಕುಕ್ಕಿದರು.

ಆಗ ನನ್ನ ನಾಲಿಗೆ ಜಾರಿತು. "ಜಂಭ ಅಲ್ಲ ಮೇಡಂ. ಅವಳಿಗೆ ಮಾತು ಬರೋದಿಲ್ಲ. ಹುಟ್ಟಿದಾಗಿಂದ."

ಅವರ ಕೈ ನಿಂತಲ್ಲೇ ನಿಂತಿತು. ಕಣ್ಣು ತುಂಬಿತು. ಒಂದಲ್ಲ, ಎರಡು ಹೂಜಿ ಕೊಂಡರು. ನನಗೆ ಆಗ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಊಟಕ್ಕೆ ಕೂತವನಿಗೆ ಮೊದಲ ತುತ್ತು ಸಿಕ್ಕಂತಾಯಿತು.

ಮುಂದಿನ ವಾರಕ್ಕೆ ಚೀಟಿಗಳು ತಯಾರು. ದಪ್ಪ ಕಾಗದ, ಕೆಂಪು ದಾರ, ನನ್ನ ಮುತ್ತಿನಂಥ ಅಕ್ಷರ: "ಇದನ್ನು ಮಾಡಿದವಳಿಗೆ ಮಾತು ಬಾರದು. ಅವಳು ಹೇಳಬೇಕಾದದ್ದೆಲ್ಲ ಈ ಮಣ್ಣಿನಲ್ಲಿದೆ." ಹಿಂಬದಿಗೆ ನಮ್ಮ ಮನೆಯ ವಿಳಾಸ. ಕೊಂಡವರ ವಿಳಾಸ, ಆ ಮೊದಲ ಹೆಂಗಸಿನದೂ ಸೇರಿ, ನನ್ನ ಪುಸ್ತಕದಲ್ಲಿ. ಕೊಂಡವರಿಗೆ ಮತ್ತೆ ಬರುವ ದಾರಿ, ನನಗೆ ಅವರ ಮನೆಯ ದಾರಿ ಗೊತ್ತಿರಬೇಕು ಎನ್ನುವುದು ನಾನೇ ಕಂಡುಹಿಡಿದ ನಿಯಮ. ಜಗತ್ತಿನ ವ್ಯಾಪಾರವೆಲ್ಲ ಇವತ್ತು ಅದರ ಮೇಲೇ ನಿಂತಿದೆ.

ಅಕ್ಕನ ಕನ್ನಡಕಕ್ಕೆ ಯಾವಾಗಲೂ ಮಣ್ಣು ಮೆತ್ತಿರುತ್ತದೆ. "ಚೀಟೀಲಿ ಏನು ಬರ್ದಿದ್ದೀಯೋ?" ಎಂದಳು.

"ಬಿಸಿ ಹಾಕಬಹುದು, ಉಜ್ಜಿ ತೊಳೀಬೇಡಿ ಅಂತ."

"ಒಳ್ಳೇದಾಯ್ತು. ಅದನ್ನ ಹೇಳಲೇಬೇಕು ನೋಡು." ಸಂತೋಷದಿಂದ ನನ್ನ ಬೆನ್ನು ತಟ್ಟಿದಳು. ಅಂಗಿಯ ಮೇಲೆ ಮಣ್ಣಿನ ಐದು ಬೆರಳು ಮೂಡಿದವು. ಆ ಅಂಗಿಯನ್ನು ಹದಿನೇಳು ಸಲ ಒಗೆದಿದ್ದೇನೆ.

ಆಮೇಲೆ ವ್ಯಾಪಾರವೆಂದರೆ ವ್ಯಾಪಾರ. ಸಭಾಂಗಣದ ಬಾಗಿಲಿನಿಂದ ಸಾಲು. ಜನ ಸುತ್ತಿ ಬಂದು ಅಕ್ಕನೆದುರು ನಿಂತು ಎದೆ ಮುಟ್ಟಿಕೊಳ್ಳುವುದು, ಕಣ್ಣೊರೆಸಿಕೊಳ್ಳುವುದು. ಒಂದು ಸಂಜೆ ಸಾಮಾನು ಕಟ್ಟುತ್ತಾ ಅಕ್ಕ ಮೆಲ್ಲಗೆ ಕೇಳಿದಳು, "ನನ್ನ ಕೆಲ್ಸ ನೋಡಿ ಜನ ಅಳ್ತಾರಲ್ಲೋ. ಅಷ್ಟು ಚೆನ್ನಾಗಿದ್ಯಾ ಅದು?"

"ಅಷ್ಟು ಚೆನ್ನಾಗಿದೆ ಅಕ್ಕಾ."

ಮಾರನೆಯ ದಿನದಿಂದ ಅವಳು ತಾನು ಎಂದೂ ಧೈರ್ಯ ಮಾಡದಿದ್ದ ಆಕಾರಗಳಿಗೆ ಕೈಹಾಕಿದಳು. ತಿಗರಿಯ ಮುಂದೆ ಗುನುಗುತ್ತಿದ್ದಳು. ಆ ಗುನುಗು ಕೇಳಿದಾಗಲೆಲ್ಲ ನಾನು ಎದ್ದು ಅಂಗಳಕ್ಕೆ ಹೋಗುತ್ತಿದ್ದೆ.

ಹೀಗಿರುವಾಗ ಒಂದು ಶನಿವಾರ ಔಷಧಿ ಅಂಗಡಿಯಾಕೆ ತಮ್ಮ ಮಗಳೊಂದಿಗೆ ಬಂದರು. ಹತ್ತು ವರ್ಷದ ಹುಡುಗಿ. ಚೀಟಿ ಓದಿದಳು. ಮತ್ತೆ ಓದಿದಳು. ಆಮೇಲೆ ಅಕ್ಕನ ಬೆನ್ನನ್ನೇ ನೋಡುತ್ತಾ ನಿಂತಳು.

"ಇವಳೂ ಹಾಗೇ," ಎಂದರು ತಾಯಿ ತಗ್ಗಿದ ದನಿಯಲ್ಲಿ. "ಕಿವಿ ಚೆನ್ನಾಗಿ ಕೇಳುತ್ತೆ, ಮಾತು ಬರಲಿಲ್ಲ. ಇವಳೂ ಮಣ್ಣಲ್ಲಿ ಮಾಡ್ತಾಳೆ. ನಿಮ್ಮಕ್ಕನಿಗೆ ಒಂದ್ಸಲ ತೋರಿಸ್ಬೇಕಂತೆ."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು "ಅಕ್ಕನಿಗೆ ಈಗ ತುಂಬಾ ಕೆಲ್ಸ," ಎಂದೆ. ಹುಡುಗಿ ಒಂದು ಪುಟ್ಟ ಬಟ್ಟಲು ಆರಿಸಿಕೊಂಡಳು. ಕಾಗದದಲ್ಲಿ ಸುತ್ತಲು ಕೊಡಲಿಲ್ಲ. ಚೀಟಿಯನ್ನು ಜೋಪಾನವಾಗಿ ಬಿಚ್ಚಿ ಜೇಬಿಗಿಟ್ಟುಕೊಂಡಳು.

ಬುಧವಾರ ಬೆಳಿಗ್ಗೆ ನಾನು ಮುಂದಿನ ಕೋಣೆಯಲ್ಲಿ ಚೀಟಿ ಕತ್ತರಿಸುತ್ತಿದ್ದೆ. ಕಿಟಕಿಯಲ್ಲಿ ನೋಡಿದರೆ ಗೇಟಿನ ಬಳಿ ತಾಯಿ ಮಗಳು. ಮಗಳ ಕೈಯಲ್ಲಿ ಬಟ್ಟೆಯ ಗಂಟು. ಹಿಂದಿನ ಕೋಣೆಯಿಂದ ಅಕ್ಕನ ದನಿ ಬೀದಿಯ ತುದಿಗೆ ಕೇಳುತ್ತಿತ್ತು. ಮಣ್ಣು ಕಳಿಸುವವನಿಗೆ ಫೋನಿನಲ್ಲಿ ಬೈಯುತ್ತಿದ್ದಳು: "ಇದೇನು ಮಣ್ಣು ಕಳ್ಸಿದ್ದೀರೋ, ಕಲ್ಲು ಕಳ್ಸಿದ್ದೀರೋ?"

ಎದ್ದೆನೋ ಬಿದ್ದೆನೋ ಎಂದು ಓಡಿದೆ. "ಅಕ್ಕಾ, ಫೋನ್ ಇಡು. ಸ್ವಲ್ಪ ಹೊತ್ತು ಮೂಗಿ ಆಗಿರು. ದಮ್ಮಯ್ಯ!"

"ಏನಾಗಿರಬೇಕು?"

ಒಂದೇ ಉಸಿರಿಗೆ ಎಲ್ಲ ಹೇಳಿದೆ. ನನ್ನ ಕೈಯಲ್ಲಿದ್ದ ಚೀಟಿಯನ್ನು ತೆಗೆದುಕೊಂಡಳು. ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಓದಿದಳು. ಕಪಾಳಕ್ಕೆ ಬೀಳಲಿ ಎಂದು ನಾನು ಕೆನ್ನೆ ಗಟ್ಟಿ ಮಾಡಿಕೊಂಡೆ. ಅವಳು ಕೇಳಿದ್ದು ಇಷ್ಟೇ:

"ಹಾಗಾದ್ರೆ ಅವರೆಲ್ಲ ಅತ್ತಿದ್ದು ಇದಕ್ಕಾ?"

ಕೈಯಲ್ಲಿ ಉಳಿದಿದ್ದ ಕತ್ತರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

ಅಷ್ಟರಲ್ಲಿ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಅಕ್ಕ ಮಣೆಯ ಮೇಲೆ ಕೂತು ಅವಳನ್ನು ಹತ್ತಿರ ಕರೆದಳು. "ನನಗೆ ಮಾತು ಬರುತ್ತೆ ಕಣಮ್ಮ. ಬೇಕಾದ್ದಕ್ಕಿಂತ ಜಾಸ್ತೀನೇ ಬರುತ್ತೆ. ಚೀಟೀಲಿರೋದು ಸುಳ್ಳು. ಬರೆದವನು ಅಲ್ಲಿ ನಿಂತಿದ್ದಾನೆ ನೋಡು, ನನ್ನ ತಮ್ಮ."

ಹುಡುಗಿ ನನ್ನನ್ನು ನೋಡಿದಳು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ನಾಚಿಕೆ ಆಗಲ್ವೇನ್ರೀ ನಿಮಗೆ?" ಎಂದರು ತಾಯಿ. "ನಾಲ್ಕು ದಿನದಿಂದ ಆ ಚೀಟೀನ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಿದ್ದಾಳೆ."

ಹುಡುಗಿ ಜೇಬಿನಿಂದ ಚೀಟಿ ತೆಗೆದು ಹಲಗೆಯ ಮೇಲೆ ಬೋರಲಾಗಿಟ್ಟಳು. ಕೊಂಡಿದ್ದ ಪುಟ್ಟ ಬಟ್ಟಲನ್ನೂ ಪಕ್ಕದಲ್ಲಿಟ್ಟು ತಿರುಗಿದಳು.

"ಗಂಟು ಬಿಚ್ಚಲೇ ಇಲ್ವಲ್ಲ," ಎಂದಳು ಅಕ್ಕ. "ಬಂದಿದ್ದು ತೋರ್ಸೋಕೆ ತಾನೆ?"

ಹುಡುಗಿ ಹಿಂದಿರುಗಿ ಬಂದು ಗಂಟು ಬಿಚ್ಚಿದಳು. ಒಳಗೆ ಒಣಗಿದ, ಇನ್ನೂ ಸುಡದ ಬಟ್ಟಲು. "ಸ್ಕೂಲಲ್ಲಿ ಎಲ್ಲರೂ ಹೊಗಳಿದ್ರು," ಎಂದರು ತಾಯಿ. ಅಕ್ಕ ಉಗುರಿನಿಂದ ತಟ್ಟಿ ಕಿವಿಗೊಟ್ಟಳು, ಬೋರಲು ಹಾಕಿ ನೋಡಿದಳು. ಸುಮ್ಮನಿರೇ ಅಕ್ಕಾ, ಇವತ್ತೊಂದು ದಿನ ಹೊಗಳಿಬಿಡೇ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಅಡಿ ದಪ್ಪ ಆಯ್ತು, ಮೈ ತೆಳು. ಭಟ್ಟಿಗೆ ಹಾಕಿದ್ರೆ ಇಲ್ಲಿ ಬಿರಿಯುತ್ತೆ. ಆದ್ರೆ ಅಂಚು ಎಳೆದಿದ್ದೀಯಲ್ಲ, ಇದು ನನ್ನ ಕೈಲಿ ಆಗಲ್ಲ."

ಹುಡುಗಿಯ ಮುಖ ಕೆಂಪೇರಿತು. ಬಟ್ಟಲನ್ನು ಕಿತ್ತುಕೊಂಡು ಅಡಿಯನ್ನು ಬೆರಳಿನಿಂದ ತಡವಿ ನೋಡಿದಳು. ಆಮೇಲೆ ಅಕ್ಕನ ಪುಟ್ಟ ಬಟ್ಟಲನ್ನು ಎತ್ತಿ ಬೆಳಕಿಗೆ ಹಿಡಿದು, ಅಂಚಿನ ಒಂದು ಜಾಗದಲ್ಲಿ ಬೆರಳಿಟ್ಟು ಅಕ್ಕನ ಮೂಗಿನ ಹತ್ತಿರ ತಂದಳು.

ಅಕ್ಕ ಕಣ್ಣು ಕಿರಿದು ಮಾಡಿದಳು. "ಹೌದು. ಸೊಟ್ಟಗಿದೆ."

ಆ ಹುಡುಗಿ ಈಗ ಪ್ರತಿ ಬುಧವಾರ ಬರುತ್ತಾಳೆ. ಬಂದಾಗ ನಾನು ಮುಂದಿನ ಕೋಣೆಯಲ್ಲಿದ್ದರೆ, ಹಿತ್ತಲನ್ನು ಸುತ್ತಿ ಹಿಂಬಾಗಿಲಿನಿಂದ ಒಳಗೆ ಹೋಗುತ್ತಾಳೆ.

ಅಕ್ಕ ಅವತ್ತೇ ಅಪ್ಪಣೆ ಮಾಡಿದಳು: ಆ ಸುಳ್ಳು ಹೋದ ಪ್ರತಿಯೊಂದು ಮನೆಗೂ ಹೋಗಿ ನಿಜ ಹೇಳಿ ಬರಬೇಕು. ವಿಳಾಸಗಳು ನನ್ನ ಹತ್ತಿರ ಇದ್ದೇ ಇದ್ದವು, ನನ್ನದೇ ನಿಯಮ. ಮುನ್ನೂರು ಮನೆ ಎನ್ನುವುದು ನನ್ನ ನಾಲಿಗೆಗೆ ಸುಲಭ, ಎಣಿಸಿದರೆ ನಲವತ್ತಮೂರು ಮನೆ. ಒಬ್ಬರು ಬಾಗಿಲು ಮುಖಕ್ಕೇ ಹಾಕಿದರು. ಬಿಳಿ ಕನ್ನಡಕದ ಹೆಂಗಸು ಎರಡೂ ಹೂಜಿ ತಂದು ನನ್ನ ತೋಳಿಗಿಟ್ಟರು. ಅವನ್ನು ಹೊತ್ತು ಬಂದದ್ದನ್ನು ಅಕ್ಕ ನೋಡಿದಳು. ಹಲಗೆಯ ಮೇಲೆ ಗೋಡೆಯ ಕಡೆಗೆ ತಿರುಗಿಸಿ ಇಟ್ಟಳು.

ಕೊನೆಯದು ವಾಚು ರಿಪೇರಿಯವರ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದರು. ಅಕ್ಕನ ಬಟ್ಟಲಿನ ತುಂಬ ಸಣ್ಣ ಸ್ಕ್ರೂಗಳು.

"ಚೀಟೀನಾ? ನಾನು ಓದಲಿಲ್ಲಪ್ಪ. ದಾರ ಚೆನ್ನಾಗಿತ್ತು, ಎತ್ತಿಟ್ಕೊಂಡೆ."

"ಮತ್ತೆ ಬಟ್ಟಲು ಯಾಕೆ ತಗೊಂಡ್ರಿ?"

"ಯಾಕೆ ಅಂದ್ರೆ? ಕೈಗೆತ್ಕೊಂಡೆ. ಕೆಳಗಿಡೋಕೆ ಮನಸ್ಸಾಗಲಿಲ್ಲ."

ಮನೆಯವರೆಗೆ ಓಡಿದೆ. ಏದುಸಿರು ಬಿಡುತ್ತಾ ಆ ಮಾತನ್ನು ಒಂದಕ್ಷರ ಹೆಚ್ಚಿಸದೆ, ಒಂದಕ್ಷರ ಇಳಿಸದೆ ಅಕ್ಕನಿಗೆ ಹೇಳಿದೆ. ತಿಗರಿ ನಿಧಾನವಾಯಿತು. ಅವಳು ನನ್ನ ಮುಖ ನೋಡಿ, ಮಗುವನ್ನು ಸಮಾಧಾನ ಮಾಡುವವಳ ಹಾಗೆ ನಕ್ಕಳು.

"ಚೆನ್ನಾಗಿದೆ ಕಣೋ ಬಡಾಯಿ. ಇದನ್ನ ಯಾವ ಚೀಟಿಗೆ ಅಂತ ಬರ್ದೆ?"

ಈಗ ಮಳಿಗೆಯಲ್ಲಿ ಅಕ್ಕನೇ ಮಾತಾಡುತ್ತಾಳೆ, ಸೊಟ್ಟಗಿರುವುದನ್ನೆಲ್ಲ ತೋರಿಸುತ್ತಾಳೆ. ಹೊಸ ಆಕಾರಗಳನ್ನು ಬಿಟ್ಟಿದ್ದಾಳೆ. ಗುನುಗುವುದಿಲ್ಲ. ನಾನು ಹಿಂದೆ ಬಾಯಿ ಹೊಲಿದುಕೊಂಡು ಕೂತಿರುತ್ತೇನೆ. "ಇವರಿಗೆ ಮಾತು ಬರಲ್ವಾ?" ಎಂದು ಯಾರಾದರೂ ಕೇಳಿದರೆ, "ಬರುತ್ತೆ, ಸದ್ಯಕ್ಕೆ ಬೇಡ ಅಂದಿದ್ದೀನಿ," ಎನ್ನುತ್ತಾಳೆ.

ಪ್ರತಿ ಶನಿವಾರ ಸಂತೆಗೆ ಮೊದಲು ನಾನು ವಾಚು ರಿಪೇರಿಯವರ ಅಂಗಡಿಗೆ ಹೋಗುತ್ತೇನೆ. ಐದೇ ನಿಮಿಷ ಬಂದು ಆ ಮಾತನ್ನು ನೀವೇ ಅವಳಿಗೆ ಹೇಳಿ ಎಂದು ಕೇಳುತ್ತೇನೆ. ಶನಿವಾರ ಅಂಗಡಿ ಮುಚ್ಚೋಕಾಗಲ್ಲ ಕಣಪ್ಪ ಎನ್ನುತ್ತಾರೆ. ಜಗತ್ತಿನ ಅತಿ ದೊಡ್ಡ ಮಾರಾಟಗಾರ ನಾನು. ಆ ಮನುಷ್ಯನಿಗೆ ಐದು ನಿಮಿಷದ ನಡಿಗೆಯನ್ನು ಮಾರಲು ಇನ್ನೂ ಆಗಿಲ್ಲ.