ಇಪ್ಪತ್ತಮೂರು ಹೆಸರುಗಳ ಮೇಲ್

ಮೂರು ದಿನದ ಹಿಂದೆ ಕಳಿಸಿದ ಮೇಲ್ ಬಂದೇ ಇಲ್ಲವೆಂದು ಪರೀಕ್ಷಾ ಕಚೇರಿಯಿಂದ ಫೋನ್ ಬಂದಾಗ ನಾಲ್ಕು ಗಂಟೆ. ಐದರೊಳಗೆ ಕನ್ನಡದಲ್ಲಿ ಪರೀಕ್ಷೆ ಬರೆಯುವವರ ಪಟ್ಟಿ ಮುಟ್ಟದಿದ್ದರೆ ಆಂಧ್ರದ ಮಡಕಶಿರದ ಈ ಕನ್ನಡ ಶಾಲೆಯ ಹತ್ತನೇ ತರಗತಿಯ ಇಪ್ಪತ್ತಮೂರು ಮಕ್ಕಳಿಗೂ ತೆಲುಗು ಪ್ರಶ್ನೆಪತ್ರಿಕೆಯೇ ಗತಿ. ಮುಖ್ಯೋಪಾಧ್ಯಾಯಿನಿ ತ್ರಿವೇಣಿ ಆಫೀಸಿಗೆ ಓಡಿದಳು.

ಪಟ್ಟಿ ಇದ್ದದ್ದು ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ. ಹೋದ ವಾರ ಫೋನಿನಲ್ಲಿ ಶಾಲೆಯ ಮೇಲ್‌ನ ಪಾಸ್‌ವರ್ಡ್ ಬದಲಿಸಿದ್ದಳು. ಅಂದಿನಿಂದ ಕಂಪ್ಯೂಟರ್ ಮುನಿಸಿಕೊಂಡು, ಕಳಿಸಿದ್ದನ್ನೆಲ್ಲ ತನ್ನಲ್ಲೇ ಇಟ್ಟುಕೊಂಡು ಕೂತಿತ್ತು. ಹೊಸ ಪಾಸ್‌ವರ್ಡ್ ಕೊಟ್ಟರೆ ಕೋಡ್ ಕೇಳುತ್ತದೆ. ಕೋಡ್ ಹೋಗುವುದು ಈ ಮೇಲ್ ಮೊದಲು ತೆರೆದ, ಈಗ ನಿವೃತ್ತರಾಗಿ ರೊಳ್ಳದ ಹತ್ತಿರ ಹಿಪ್ಪುನೇರಳೆ ಬೆಳೆಯುತ್ತಿರುವ ರುದ್ರಮುನಿ ಮೇಷ್ಟ್ರ ನಂಬರಿಗೆ.

"ತಡಿಯಮ್ಮ, ಇಲ್ಲಿ ಸಿಗ್ನಲ್ ಇಲ್ಲ, ಕೆರೆ ಏರಿ ಮೇಲಕ್ಕೆ ಹೋಗ್ತೀನಿ," ಎಂದರು ಮೇಷ್ಟ್ರು ಫೋನಿನಲ್ಲಿ. ಏದುಸಿರು ಇಲ್ಲಿಯವರೆಗೂ ಕೇಳಿಸಿತು. "ಬಂತು ಬಂತು. ಅಯ್ಯೋ, ಕನ್ನಡಕ ಮನೇಲೈತೆ."

"ಸಾರ್, ಎರಡೇ ನಿಮಿಷ ಇರೋದು ಅದು!"

ಹೇಳುವಷ್ಟರಲ್ಲಿ ಕೋಡ್ ಸತ್ತಿತು. ಎರಡನೆಯದನ್ನು ಅವರು ಅಂದಾಜಿನ ಮೇಲೆ ಓದಿದರು, ಕಂಪ್ಯೂಟರ್ ಒಪ್ಪಲಿಲ್ಲ. ತ್ರಿವೇಣಿ ಮೌಸನ್ನು ಮೇಜಿನ ಮೇಲೆ ಕುಕ್ಕಿದಳು. ಗಂಟೆ ನಾಲ್ಕೂವರೆ ದಾಟಿತ್ತು.

ಆಚೆಯಿಂದ ಹೆಂಗಸಿನ ದನಿ: "ಏನ್ ಮೇಷ್ಟ್ರೆ, ಫೋನಿನ್ ಜೊತೆ ಜಗಳಾನಾ?"

"ಬಾ ಓಬಮ್ಮ, ಈ ನಂಬರ್ ಓದವ್ವ."

"ನನ್ ಕುರಿ ಗದ್ದೆಗಿಳಿದ್ರೆ ನೀವೇ ಬೈಸ್ಕೋಬೇಕು, ಆಟೇಯ." ಹಾಗೆಂದರೂ ನಿಂತಳು. ಒಂದೊಂದೇ ಅಂಕಿ, ಎರಡೆರಡು ಸಲ, ಗಂಟಲು ಬಿಚ್ಚಿ ಹೇಳಿದಳು.

ಕಂಪ್ಯೂಟರ್ ತೆರೆದುಕೊಂಡಿತು. 'ಕಳಿಸಲಾಗಿದೆ' ಎಂದೂ ತೋರಿಸಿತು. ಆದರೆ ಅವಳ ಫೋನಿನ ಮೇಲ್ ತೆರೆದರೆ ಕಳಿಸಿದ ಗುರುತೇ ಇಲ್ಲ! ಇವೆರಡರಲ್ಲಿ ಯಾವುದನ್ನು ನಂಬುವುದು? ಬೈದುಕೊಳ್ಳುತ್ತಲೇ ಕಚೇರಿಯ ಗುಮಾಸ್ತ ಬಾಲರಾಜುಗೆ ಫೋನ್ ಮಾಡಿದಳು.

"ಬಂದೈತೆ ಮೇಡಂ. ನಾಕು ಸಲ ಬಂದೈತೆ. ತೊಂಬತ್ತೆರಡು ಮಕ್ಕಳಾ ನಿಮ್ಮಲ್ಲಿ?"

ಮೂರು ದಿನದ ಹಿಂದೆ ಕಳಿಸಿದ್ದು, ಇವತ್ತು ಸಿಟ್ಟಿನಲ್ಲಿ ಮತ್ತೆ ಮತ್ತೆ ಒತ್ತಿದ್ದು, ಎಲ್ಲ ಒಟ್ಟಿಗೇ ಹೊರಟಿತ್ತು.

"ಇಪ್ಪತ್ತಮೂರೇ ಸಾರ್," ಎಂದಳು. "ಮೂರು ಅಳಿಸಿ, ಒಂದು ಉಳಿಸ್ಕೊಳ್ಳಿ. ದಯವಿಟ್ಟು ನಾಕನ್ನೂ ಅಳಿಸ್ಬೇಡಿ."

"ಒಂದನ್ನ ಪ್ರಿಂಟೇ ತೆಗೆದಿಟ್ಟೆ ಬಿಡಿ. ಕನ್ನಡ ಅಂತ ಮೇಲೆ ಕೆಂಪಿಂಕಲ್ಲಿ ಬರೆದೂ ಇದೀನಿ. ನೀವು ನೀರು ಕುಡೀರಿ ಮೇಡಂ."