ಸಾಲಿನ ನಟ್ಟನಡುವೆ ಡೆಲ್ವಿನ್

ನನ್ನ ತಮ್ಮ ಡೆಲ್ವಿನ್ ಪ್ರುಡಮ್ ಕಾಲೇಜು ಮುಗಿಸಿದಾಗ ಯಾವ ಅಮೆರಿಕನ್ ಫುಟ್‌ಬಾಲ್ ತಂಡವೂ ಅವನನ್ನು ಆರಿಸಲಿಲ್ಲ. ಎರಡು ತಂಡಗಳ ತರಬೇತಿ ಶಿಬಿರಗಳಿಂದ ಹೊರಹಾಕಿಸಿಕೊಂಡು ಮೂರನೆಯದರಲ್ಲಿ ನೆಲೆನಿಂತ. ಆಮೇಲೆ ಏಳು ವರ್ಷ ರಕ್ಷಣಾ ಸಾಲಿನ ನಟ್ಟನಡುವೆಯೇ ಅವನ ಜಾಗ. ಎದುರು ತಂಡದ ಇಬ್ಬರು ದಢೂತಿ ಆಳುಗಳನ್ನು ಅವನು ಮೈಮೇಲೆ ಎಳೆದುಕೊಂಡರೆ, ಹಿಂದಿದ್ದವರು ನುಗ್ಗಿ ಚೆಂಡು ಹಿಡಿದವನನ್ನು ಕೆಡವುತ್ತಿದ್ದರು. ಪೇಪರಿನಲ್ಲಿ ಹೆಸರು ಬರುತ್ತಿದ್ದದ್ದು ಕೆಡವಿದವರದು. ನೂರೈವತ್ತು ಕಿಲೋ ಆಳು, ಅದಕ್ಕೆಲ್ಲ ತಲೆ ಕೆಡಿಸಿಕೊಂಡವನಲ್ಲ.

ಮೂವತ್ತನೇ ವಯಸ್ಸಿನಲ್ಲಿ, ಅಭ್ಯಾಸದ ವೇಳೆ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಪಟ್ಟನೆ ಹರಿಯಿತು. ಆಪರೇಷನ್ ಆಗಿ ಇನ್ನೂ ಕುಂಟುತ್ತಿದ್ದಾಗಲೇ ತಂಡ ಕೈಬಿಟ್ಟಿತು. ಲೂಸಿಯಾನಾದ ನಮ್ಮೂರಿಗೆ ಬಂದು ನನ್ನ ಸೋಫಾದಲ್ಲಿ ಕೂತವನು ಏಳಲೇ ಇಲ್ಲ. ನಾನು ಶಾಲೆಯ ಅಡುಗೆಮನೆ ಕೆಲಸ ಮುಗಿಸಿ ಬಂದರೆ, ಬೆಳಿಗ್ಗೆ ಇಟ್ಟ ಗಂಬೊ ಸಾರು ಮುಟ್ಟಿರುತ್ತಿರಲಿಲ್ಲ.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. "ಏಳೋ. ನಿನಗಿಂತ ಮುಂಚೆ ಆ ಸೋಫಾ ಸಾಯತ್ತೆ."

"ಎಲ್ಲಿಗೆ ಹೋಗ್ಲಿ ಅಕ್ಕಾ? ಯಾರಿಗ್ ಬೇಕು ಈ ಕಾಲು?"

"ಯಾರಿಗ್ ಬೇಕು ಅಂತ ಆಮೇಲೆ ನೋಡೋಣ. ಮೊದ್ಲು ನದಿ ಏರಿ ತನಕ ನಡಿ."

ಮೊದಲ ದಿನ ಪಕ್ಕದ ಮನೆಯ ಗೇಟು ಮುಟ್ಟಿ, ಬೆವೆತು ವಾಪಸಾದ. ತಿಂಗಳೊಪ್ಪತ್ತಿನಲ್ಲಿ ಏರಿ ಹತ್ತಿದ. ಬೇಸಿಗೆಗೆ, ಕಾಲಿಗೆ ಬಲ ಬರಲೆಂದು, ನನ್ನ ಹಳೇ ಪಿಕಪ್ ಗಾಡಿಯನ್ನು ಕಬ್ಬಿನ ಗದ್ದೆಯ ದಾರಿಯಲ್ಲಿ ತಳ್ಳತೊಡಗಿದ. ಸ್ಟಿಯರಿಂಗ್ ಹಿಡಿದು ಕೂರುವುದು ನನ್ನ ಪಾಲು.

"ಅಕ್ಕಾ, ಬ್ರೇಕ್ ಒತ್ತಿದ್ಯಾ?"

"ಒಂಚೂರು."

"ರಾಕ್ಷಸಿ!" ಅಂದ. ಎಷ್ಟೋ ತಿಂಗಳಿಗೆ ಅವನ ನಗು ಕೇಳಿದ್ದು ಅವತ್ತೇ.

ನವೆಂಬರಿನಲ್ಲಿ ಉತ್ತರದ ಒಂದು ತಂಡದಲ್ಲಿ ಇಬ್ಬರು ಗಾಯಗೊಂಡರು. ಆಡಿ ತೋರಿಸು ಬಾ ಎಂದು ಡೆಲ್ವಿನ್‌ಗೆ ಫೋನು ಬಂತು. ನಾನೂ ಜೊತೆಗೆ ಹೋದೆ. ಎದುರು ನಿಂತ ಇಪ್ಪತ್ತನಾಲ್ಕರ ಗಟ್ಟಿ ಆಳು ಎರಡು ಸಲ ಅವನನ್ನು ಮಲಗಿಸಿದ. ನಾನು ಕಣ್ಣು ಮುಚ್ಚಿಕೊಂಡೆ. ಮೂರನೇ ಸಲ ದೊಪ್ಪೆಂದು ಸದ್ದಾಯಿತು. ಕಣ್ಣು ಬಿಟ್ಟರೆ ನೆಲದ ಮೇಲಿದ್ದವನು ಎದುರಾಳಿ.

ಆಸ್ಟ್ರಾಂಡರ್ ಎಂಬ ಮುದಿ ಕೋಚ್ ಹತ್ತಿರ ಬಂದರು. "ಅವನು ನೇರ ನುಗ್ತಾನೆ ಅಂತ ಹೇಗ್ ಗೊತ್ತಾಯ್ತಯ್ಯ?"

"ನೆಲಕ್ಕೆ ಊರಿದ್ ಬೆರಳು ಬೆಳ್ಳಗಾಗಿತ್ತು ಸಾರ್. ಭಾರ ಎಲ್ಲಾ ಮುಂದಕ್ಕೆ ಹಾಕಿದ್ದ."

"ಕಾಲು ನಿಧಾನ ನಿಂದು."

"ಹೌದು ಸಾರ್."

"ಕಣ್ಣು ಪರವಾಗಿಲ್ಲ. ನಾಳೆ ಎಂಟಕ್ಕೆ ಬಾ."

ಅವನು ತಂಡ ಸೇರಿದ ನಾಲ್ಕನೇ ವಾರ, ಹಿಮ ಬೀಳುತ್ತಿದ್ದ ಮೈದಾನ. ಗೆಲ್ಲಲು ಎದುರಾಳಿಗಳು ಚೆಂಡನ್ನು ಇನ್ನೊಂದೇ ಯಾರ್ಡ್ ಮುಂದೆ ಒಯ್ಯಬೇಕಿತ್ತು, ಉಳಿದದ್ದು ಒಂದೇ ಸರದಿ. ಆಸ್ಟ್ರಾಂಡರ್ ಡೆಲ್ವಿನ್‌ನನ್ನು ಒಳಗೆ ಕಳಿಸಿದರು. ಅವನು ಇಬ್ಬರ ಕಾಲಡಿಗೆ ನುಗ್ಗಿ ಅವರನ್ನು ಅಲ್ಲೇ ಮಡಚಿ ಹಾಕಿದ. ಚೆಂಡು ಹಿಡಿದವನಿಗೆ ದಾರಿಯೇ ಸಿಗಲಿಲ್ಲ. ಹಿಂದಿನಿಂದ ಬಂದ ನಮ್ಮ ತಂಡದ ಇನ್ನೊಬ್ಬ ಅವನನ್ನು ಕೆಡವಿದ. ಮೈಕಿನಲ್ಲಿ ಆ ಇನ್ನೊಬ್ಬನ ಹೆಸರು ಕೂಗಿದರು. ತಂಡದವರು ಮಾತ್ರ ರಾಶಿಯ ತಳದಲ್ಲಿದ್ದ ನನ್ನ ತಮ್ಮನನ್ನು ಎಳೆದು ಎಬ್ಬಿಸಿ, ಉಸಿರುಗಟ್ಟುವಂತೆ ತಬ್ಬಿಕೊಂಡರು.

ಅಲ್ಲಿಂದ ಮುಂದೆ ಇನ್ನೂ ಮೂರು ಸೀಸನ್ ಆಡಿದ.