ಮಾತ್ರೆ ಆಯ್ತಾ?

ಆ ಮನೆಯಲ್ಲಿ ನಗುವುದಕ್ಕೂ ಅಪ್ಪಣೆ ಬೇಕಿತ್ತು. ಹಾಗಂತ ಯಾರೂ ಕಟ್ಟಳೆ ಮಾಡಿರಲಿಲ್ಲ, ಅದು ತಾನಾಗಿಯೇ ಬಂದು ಕೂತಿತ್ತು. ಹದಿನೈದರ ಮಗಳು ಒಳಗೆ ಟಿವಿ ನೋಡುತ್ತ ತುಸು ಜೋರಾಗಿ ನಕ್ಕರೆ ಸಾಕು, ಮುಂದಿನ ಕೋಣೆಯ ಹೊಲಿಗೆ ಯಂತ್ರ ಗಕ್ಕನೆ ನಿಲ್ಲುತ್ತಿತ್ತು. ಅಮ್ಮ ಕತ್ತು ಚಾಚಿ ಕೇಳುತ್ತಿದ್ದಳು: "ಮಾತ್ರೆ ಆಯ್ತಾ?"

ಅಮ್ಮನನ್ನು ಬೈದು ಪ್ರಯೋಜನವಿಲ್ಲ. ಕಳೆದ ವರ್ಷ ಎಲ್ಲ ಶುರುವಾದದ್ದೇ ನಗುವಿನಿಂದ. ಮಗಳು ನಿದ್ದೆ ಬಿಟ್ಟಳು, ಹರಳು ಹುರಿದಂತೆ ಮಾತಾಡಿದಳು, ತನ್ನ ಸೈಕಲ್ಲನ್ನು ದಾರಿಹೋಕನಿಗೆ ಕೊಟ್ಟು ಬಂದಳು. ಶಾಲೆಯ ಕಟ್ಟಡವನ್ನೇ ಕೊಳ್ಳುತ್ತೇನೆಂದು ಹೆಡ್‌ಮಾಸ್ತರರ ಹತ್ತಿರ ವ್ಯಾಪಾರಕ್ಕೂ ಇಳಿದಳು. ಆಮೇಲೆ ತಿಂಗಳುಗಟ್ಟಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಬೈಪೋಲಾರ್ ಎಂದರು ಡಾಕ್ಟರು; ಮನಸ್ಸು ಏರಿದರೆ ಮಿತಿಮೀರಿ ಏರುವ, ಇಳಿದರೆ ಮಿತಿಮೀರಿ ಇಳಿಯುವ ಕಾಯಿಲೆ. ಮಾತ್ರೆ ಹಿಡಿಸಿತು, ಮಗಳು ಮತ್ತೆ ಶಾಲೆಗೆ ಹೋದಳು. ಅಮ್ಮನ ಎದೆಯ ಡವಡವ ಮಾತ್ರ ಹೋಗಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಮಗಳು, "ಮಾತ್ರೆ ತಗೊಂಡಿದೀನಿ. ನಿದ್ದೆನೂ ಚೆನ್ನಾಗಿ ಬಂತು. ಈಗ ಒಂದು ಜೋಕ್ ಹೇಳ್ಲಾ?" ಎಂದಳು.

ಲಿಫ್ಟ್ ರಿಪೇರಿ ಮಾಡುವ ಅಪ್ಪ ತಟ್ಟೆಯಿಂದ ತಲೆಯೆತ್ತಿದ. "ಹೇಳಮ್ಮ."

ಜೋಕು ಚೆನ್ನಾಗಿಯೇ ಇತ್ತು. ಇಬ್ಬರೂ ನಕ್ಕರು, ನಗುತ್ತಲೇ ಅವಳ ಕಣ್ಣುಗಳನ್ನು ಪರೀಕ್ಷೆ ಮಾಡಿದರು. ಅದು ಅವಳಿಗೆ ತಿಳಿಯದೇ ಇರುತ್ತದೆಯೇ?

"ಶನಿವಾರ ಚಿಕ್ಕಮ್ಮನ ಮನೆಗೆ ಹೋಗ್ತೀನಿ," ಎಂದಳು. "ಇನ್ಮೇಲೆ ಅಲ್ಲೇ ಇರ್ತೀನಿ. ಅಲ್ಲಿ ನಗಬಹುದು."

ಚಿಕ್ಕಮ್ಮ ಬಂಗಾರದಂಥವಳು, ನಿಜ. ಆದರೆ ಒಲೆಯ ಮೇಲಿಟ್ಟ ಹಾಲನ್ನೇ ಮರೆಯುವವಳು ಮಗುವಿನ ಮಾತ್ರೆ ನೆನಪಿಡುತ್ತಾಳೆಯೇ?

ಇಂಥ ಮಕ್ಕಳ ಹೆತ್ತವರು ವಾರಕ್ಕೊಮ್ಮೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದರು. ಅಮ್ಮನೂ ಹೋಗುತ್ತಿದ್ದಳು, ಬಾಯಿಗೆ ಬೀಗ ಹಾಕಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತು ಬರುವುದಕ್ಕೆ. ಈ ಸಲ ಬಾಯಿ ಬಿಟ್ಟಳು. ಹೇಳಿ ಮುಗಿಸುವಷ್ಟರಲ್ಲಿ ಅತ್ತೂ ಬಿಟ್ಟಳು.

ಇದೇ ಕಾಯಿಲೆಯ ಹುಡುಗನೊಬ್ಬನ ಅಪ್ಪ, ಬಸ್ ಡ್ರೈವರ್, ಚಹಾದ ಲೋಟ ಕೆಳಗಿಟ್ಟ. "ಅಕ್ಕಾ, ನಾನೂ ಅದೇ ಮಾಡ್ತಿದ್ದೆ. ಮಗ ಸಿಳ್ಳೆ ಹಾಕಿದ್ರೆ ಸಾಕು, ಡಾಕ್ಟರಿಗೆ ಫೋನ್. ಕೊನೆಗೆ ಅವರು, 'ಸಿಳ್ಳೆಗೆ ನನ್ನ ಹತ್ರ ಮಾತ್ರೆ ಇಲ್ಲಪ್ಪ' ಅಂದ್ರು."

ಎಲ್ಲರೂ ನಕ್ಕರು. ಅಮ್ಮನಿಗೆ ನಗು ಬರಲಿಲ್ಲ. "ಹಂಗಂತ ಕಣ್ಣು ಮುಚ್ಕೊಂಡು ಕೂರ್ಲಾ?"

"ಬೇಡ. ನಗು ಬಿಡಿ, ನಿದ್ದೆ ನೋಡಿ. ನಿದ್ದೆ ಕಮ್ಮಿಯಾಗಿ, ಸುಸ್ತೂ ಇಲ್ಲ ಅಂದ್ರೆ ಅವತ್ತೇ ಡಾಕ್ಟರ ಹತ್ರ ಓಡಿ. ಬೇರೆ ಗುರುತು ಏನು ಅಂತ ಅವಳನ್ನೇ ಕೇಳಿ, ಮೊದ್ಲು ಗೊತ್ತಾಗೋದು ಅವಳಿಗೇ ಅಲ್ವಾ? ಮಾತ್ರೆ ವಿಷಯ ಮಾತ್ರೆ ಹೊತ್ತಲ್ಲಿ ಕೇಳಿ. ನಕ್ಕಾಗ ಕೇಳ್ಬೇಡಿ."

ಮರುದಿನ ಅಮ್ಮ ಕೇಳಿದಳು, "ಮನಸ್ಸು ಏರ್ತಿದೆ ಅಂತ ನಿನಗೆ ಹೇಗೆ ಗೊತ್ತಾಗುತ್ತೆ?"

ಮಗಳು ಅವಳನ್ನು ಹೊಸಬಳಂತೆ ನೋಡಿದಳು. ಇದನ್ನು ಮನೆಯಲ್ಲಿ ಈವರೆಗೆ ಯಾರೂ ಕೇಳಿರಲಿಲ್ಲ. "ಬಣ್ಣ ಎಲ್ಲ ಜೋರಾಗುತ್ತೆ. ಜನ ಎಲ್ಲ ನಿಧಾನ ಅನ್ಸುತ್ತೆ."

"ಆಗ ನನಗೆ ಹೇಳ್ತೀಯಾ?"

"ನೀನು ಗಾಬರಿ ಬೀಳಲ್ಲ ಅಂದ್ರೆ ಹೇಳ್ತೀನಿ," ಎಂದು ಬಟ್ಟೆ ಮಡಿಚಿ ಬ್ಯಾಗಿಗೆ ತುಂಬುವುದನ್ನು ಮುಂದುವರಿಸಿದಳು.

ಶನಿವಾರ ಸಂಜೆಯ ಬಸ್ಸಿಗೆ ಹೊರಡುವುದೆಂದಾಗಿತ್ತು. ಅಮ್ಮ ಗಿರಾಕಿಯೊಬ್ಬನ ಪ್ಯಾಂಟಿನ ಕಾಲು ಮೋಟು ಮಾಡುತ್ತ ಕೂತಿದ್ದಳು. ಕೈ ಯಂತ್ರದ ಮೇಲೆ, ಕಿವಿ ಮಗಳ ಕೋಣೆಯಲ್ಲಿ. ಬ್ಯಾಗಿನ ಜಿಪ್ಪು ಎಳೆದ ಸದ್ದಾಯಿತು. ಅಮ್ಮ ದಡಬಡಿಸಿ ಎದ್ದಳು. ಪ್ಯಾಂಟೂ ಎದ್ದಿತು. ತನ್ನ ಉದ್ದನೆಯ ಅಂಗಿಯ ಅಂಚನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು. ಎರಡು ಹೆಜ್ಜೆ ಇಟ್ಟರೆ ಅದೂ ನೆಲ ಗುಡಿಸುತ್ತ ಹಿಂದೆಯೇ ಬಂತು.

ಬಾಗಿಲಿಗೆ ಬಂದ ಮಗಳು ನೋಡಿದಳು. ಬ್ಯಾಗು ಕೈಬಿಟ್ಟು, ಹೊಟ್ಟೆ ಹಿಡಿದುಕೊಂಡು, ನೆಲಕ್ಕೆ ಕೂತು ನಕ್ಕಳು. ಪಕ್ಕದ ಮನೆಗೂ ಕೇಳಿಸುವಂಥ ಹಳೆಯ ನಗು.

ಆ ಪ್ರಶ್ನೆ ಅಮ್ಮನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಬೆಳಗ್ಗೆ ಮಗಳನ್ನು ಎಬ್ಬಿಸಲು ಮೂರು ಸಲ ಕೂಗಿದ್ದು ನೆನಪಾಯಿತು. ಬಗ್ಗಿ ನೋಡಿದರೆ ಕಾಲ ಬಳಿ ಗಿರಾಕಿಯ ಪ್ಯಾಂಟು ಜೋತಾಡುತ್ತಿತ್ತು. ಅವಳಿಗೂ ನಗು ಒತ್ತರಿಸಿ ಬಂತು. ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು, ನಿಲ್ಲಿಸಲಾಗದೆ ಗೋಡೆ ಹಿಡಿದುಕೊಂಡಳು. ವರ್ಷದಿಂದ ಹೀಗೆ ನಕ್ಕಿರಲಿಲ್ಲ.

ಮಗಳು ಮುಖ ಗಂಟು ಹಾಕಿಕೊಂಡು, ಥೇಟ್ ಅಮ್ಮನ ಹಾಗೆಯೇ ಕತ್ತು ಚಾಚಿದಳು.

"ಅಮ್ಮಾ, ಮಾತ್ರೆ ಆಯ್ತಾ?"

ಅಮ್ಮನಿಗೆ ಉಸಿರು ತಿರುಗಲು ಸ್ವಲ್ಪ ಹೊತ್ತು ಹಿಡಿಯಿತು. ಮಗಳು ಸಣ್ಣ ಕತ್ತರಿ ತಂದು, ಮಂಡಿಯೂರಿ ಹೊಲಿಗೆ ಬಿಚ್ಚತೊಡಗಿದಳು.

"ಚಿಕ್ಕಮ್ಮಂಗೆ ಇದನ್ನ ಹೇಳ್ಲೇಬೇಕು," ಎಂದಳು.

ಅಮ್ಮ ಕಣ್ಣೊರೆಸಿಕೊಂಡಳು. "ಹೋಗಿ ಹೇಳ್ತೀಯಾ?"

ಕತ್ತರಿ ಇನ್ನೊಂದೆರಡು ಹೊಲಿಗೆ ಬಿಚ್ಚಿತು.

"ಫೋನಲ್ಲೇ ಹೇಳ್ತೀನಿ. ಅಲ್ಲಾಡ್ಬೇಡ, ನೆಟ್ಟಗೆ ನಿಂತ್ಕೋ."